ಕಪ್ಪು ಅಂದ್ರೆ ತುಕ್ಕಲ್ಲ ಸ್ವಾಮಿ

ಹಳೇ ಹೊಲಿಗೆ ಮಿಷನ್ನಿಗೆ ಬಣ್ಣ ಹೊಡೆದು ಮಾರುವವರ ಮೇಲೆ ನನಗೆ ಸಿಟ್ಟಿದೆ. ಸುತ್ತಿ ಬಳಸಿ ಹೇಳೋದು ಬೇಡ, ಮೊದಲೇ ಹೇಳಿಬಿಡ್ತೀನಿ. ಬೆಂಗಳೂರಿನಲ್ಲಿ ಈಗ ಇದೊಂದು ವ್ಯಾಪಾರವೇ ಆಗಿದೆ. ಊರೂರಿನ ಗುಜರಿ ಅಂಗಡಿಗಳಿಂದ ಕೆಜಿ ಲೆಕ್ಕದಲ್ಲಿ ಎತ್ತಿಕೊಂಡು ಬಂದ ಸಿಂಗರ್, ಉಷಾ ಮಿಷನ್ನುಗಳಿಗೆ ಥಿನ್ನರ್ ಸುರಿದು, ಎಮರಿ ಪೇಪರ್ ಹಾಕಿ ಉಜ್ಜಿ, ಫಳಫಳ ಅನ್ನೋ ಕಪ್ಪು ಪೇಂಟ್ ಸ್ಪ್ರೇ ಮಾಡಿ, ಮೇಲೆ ಕಂಪ್ಯೂಟರಿನಲ್ಲಿ ಕತ್ತರಿಸಿದ ಚಿನ್ನದ ಬಣ್ಣದ ಸ್ಟಿಕ್ಕರ್ ಅಂಟಿಸಿ, ‘ವಿಂಟೇಜ್, ಒರಿಜಿನಲ್ ಫಿನಿಶ್’ ಅಂತ ಚೀಟಿ ನೇತುಹಾಕಿ ಇಟ್ಟಿರ್ತಾರೆ. ಗುಜರಿಯವನಿಗೆ ಕೊಟ್ಟದ್ದು ಸಾವಿರವೋ ಎರಡು ಸಾವಿರವೋ. ಇಲ್ಲಿ ಚೀಟಿ ಮೇಲೆ ಹದಿನೆಂಟು ಸಾವಿರ. ಇಂಥದೊಂದು ಅಂಗಡಿಯಲ್ಲಿ ನಿಂತು ‘ಇದು ಒರಿಜಿನಲ್ ಅಂತ ಹೇಗೆ ಹೇಳ್ತೀರಿ?’ ಅಂತ ಕೇಳಿದೆ. ಹುಡುಗ ನನ್ನ ಮುಖ ನೋಡಿ, ‘ಸಾರ್, ಹೆಂಗೆ ಹೊಳೀತಿದೆ ನೋಡಿ’ ಅಂದ.

ಜಗಳ ಇರೋದು ಇಲ್ಲೇ. ಹೊಳೆದರೆ ಅಸಲು, ಮಂಕಾಗಿದ್ದರೆ ಹಾಳು, ಕಪ್ಪಾಗಿದ್ದರೆ ತುಕ್ಕು. ಈ ಮೂರು ನಂಬಿಕೆಗಳ ಮೇಲೆ ಇಡೀ ಧಂಧೆ ನಿಂತಿದೆ. ಮೂರೂ ಸುಳ್ಳು.

ನಾನು ಮೆಕ್ಯಾನಿಕಲ್‌ನಲ್ಲಿ ಬಿ.ಇ. ಮಾಡಿ ಸಾಫ್ಟ್‌ವೇರ್ ಕಂಪನಿ ಸೇರಿದವನು. ನಮ್ಮ ಬ್ಯಾಚಿನಲ್ಲಿ ಮುಕ್ಕಾಲು ಪಾಲು ಹಂಗೇ ಆಗಿದ್ದು, ಅದು ಬೇರೆ ಕಥೆ. ಆದರೆ ಕಬ್ಬಿಣ, ಉಕ್ಕು, ಲೇಪ ಅಂದರೆ ಈಗಲೂ ಕಿವಿ ನೆಟ್ಟಗಾಗುತ್ತೆ. ಊರಿನಲ್ಲಿ ನಮ್ಮ ಮನೆ ಪಡಸಾಲೆಯಲ್ಲಿ ಒಂದು ಕಾಲಿನ ಮಿಷನ್ ಇತ್ತು. ಚಿಕ್ಕಮ್ಮ ಅದರಲ್ಲಿ ರವಿಕೆ, ಲಂಗ, ಶಾಲೆಯ ಯೂನಿಫಾರ್ಮ್ ಹೊಲಿದು ಮನೆಯ ಅರ್ಧ ಖರ್ಚು ತೂಗಿಸುತ್ತಿದ್ದರು. ಹಾಗಾಗಿ ಈ ಮಿಷನ್ ನನಗೆ ಶೋಕೇಸಿನ ವಸ್ತುವಲ್ಲ. ಇಷ್ಟು ಹೇಳಿ ವಿಷಯಕ್ಕೆ ಬರ್ತೀನಿ.

ಮಿಷನ್ ಯಾಕೆ ಕಪ್ಪು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ‘ಆಗಿನ ಕಾಲದಲ್ಲಿ ಬೇರೆ ಬಣ್ಣ ಇರಲಿಲ್ಲ’ ಅಂತ ಬಹಳ ಜನ ಹೇಳ್ತಾರೆ. ಬಣ್ಣ ಬೇಕಾದಷ್ಟು ಇತ್ತು. ಮಿಷನ್ನಿಗೆ ಬಳಿದದ್ದು ಪೇಂಟ್ ಅಲ್ಲ, ಜಪಾನಿಂಗ್. ನೆಲದಿಂದ ತೆಗೆದ ಡಾಂಬರಿನಂಥ ವಸ್ತು, ಅಗಸೆ ಎಣ್ಣೆ, ಟರ್ಪೆಂಟೈನ್ ಇವನ್ನು ಬೆರೆಸಿ, ಎರಕದ ಕಬ್ಬಿಣದ ಮೇಲೆ ಹಚ್ಚಿ, ಒಲೆಯಲ್ಲಿಟ್ಟು ಬೇಯಿಸುತ್ತಿದ್ದರು. ಒಂದು ಪದರ ಬೆಂದ ಮೇಲೆ ಇನ್ನೊಂದು. ಡಾಂಬರೇ ಕಪ್ಪು, ಆದ್ದರಿಂದ ಲೇಪವೂ ಕಪ್ಪು. ಪೂರ್ವ ದೇಶಗಳ ಅರಗಿನ ಕೆಲಸದ ಹೊಳಪನ್ನು ಯುರೋಪಿನವರು ತಮ್ಮ ಸಾಮಗ್ರಿಯಲ್ಲಿ ನಕಲು ಮಾಡಲು ಹೋಗಿ ಹುಟ್ಟಿಕೊಂಡ ವಿದ್ಯೆ ಇದು, ಅದಕ್ಕೇ ಜಪಾನಿನ ಹೆಸರು. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರುಗಳು ವರ್ಷಗಟ್ಟಲೆ ಕಪ್ಪಾಗಿಯೇ ಬಂದದ್ದಕ್ಕೂ ಇದೇ ಜಾತಿಯ ಲೇಪ ಕಾರಣ. ಅಗ್ಗ, ಗಟ್ಟಿ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಮಿಷನ್ ಎಣ್ಣೆಗೆ ಜಗ್ಗುವುದಿಲ್ಲ. ಹೊಲಿಗೆ ಮಿಷನ್ ಅಂದರೆ ದಿನವೂ ಎಣ್ಣೆ ಕುಡಿಯುವ ಪ್ರಾಣಿ. ಅದರ ಚರ್ಮ ಎಣ್ಣೆಗೆ ಹೆದರಬಾರದು. ನಿಮ್ಮ ಸ್ಪ್ರೇ ಪೇಂಟ್ ಆರು ತಿಂಗಳು ಎಣ್ಣೆಯಲ್ಲಿ ನೆನೆಯಲಿ, ಆಮೇಲೆ ಉಗುರಿನಲ್ಲಿ ಕೆರೆದು ನೋಡಿ.

ಈ ಕಪ್ಪಿನ ಮೇಲೆ ಚಿನ್ನದ ಬಳ್ಳಿ, ಹೂವು, ಅಕ್ಷರ. ಅದು ಕೈಯಲ್ಲಿ ಬರೆದದ್ದಲ್ಲ, ಕಾಗದದಿಂದ ವರ್ಗಾಯಿಸಿದ್ದು. ನಾವು ಚಿಕ್ಕವರಿದ್ದಾಗ ಬಬಲ್‌ಗಮ್ ಜೊತೆ ಬರ್ತಿದ್ದ ಟ್ಯಾಟೂವನ್ನು ನೀರು ಹಚ್ಚಿ ಕೈ ಮೇಲೆ ಒತ್ತಿಕೊಳ್ಳುತ್ತಿದ್ದೆವಲ್ಲ, ಹೆಚ್ಚುಕಮ್ಮಿ ಅದೇ ಉಪಾಯ. ಅದು ಅಳಿಸಿ ಹೋಗಬಾರದು ಅಂತ ಮೇಲೊಂದು ಪಾರದರ್ಶಕ ವಾರ್ನಿಷ್ ಪದರ. ಅದು ಬಹುಮಟ್ಟಿಗೆ ಅರಗಿನದು. ಅರಗು ಎಲ್ಲಿಂದ ಬರುತ್ತಿತ್ತು ಗೊತ್ತೇ? ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಗತ್ತಿಗೆ ಅರಗು ಒದಗಿಸುವ ದೊಡ್ಡ ದೇಶ ನಮ್ಮದೇ. ಛೋಟಾ ನಾಗಪುರದ ಕಾಡುಗಳಲ್ಲಿ ಮರದ ಕೊಂಬೆಗೆ ಹುಳ ಕಟ್ಟಿದ ಅರಗನ್ನು ಕೆರೆದು, ಕರಗಿಸಿ, ಕಲ್ಕತ್ತೆಯ ಬಂದರಿನಿಂದ ಹಡಗಿಗೆ ಹಾಕುತ್ತಿದ್ದರು. ನಮ್ಮ ಚನ್ನಪಟ್ಟಣದ ಗೊಂಬೆಗಳ ಮೇಲಿನ ಹೊಳಪೂ ಅರಗಿನದೇ.

ಅರಗಿಗೆ ಒಂದು ಗುಣವಿದೆ. ಎಣ್ಣೆಗೆ ಬಗ್ಗಲ್ಲ, ಸ್ಪಿರಿಟ್ಟಿಗೆ ಕರಗುತ್ತೆ. ‘ಕೊಳೆ ಹೋಗಲಿ’ ಅಂತ ನೀವು ಸ್ಪಿರಿಟ್ಟೋ ಥಿನ್ನರ್ರೋ ಅದ್ದಿದ ಬಟ್ಟೆಯಲ್ಲಿ ಮಿಷನ್ ಒರೆಸಿದಿರಿ ಅಂದುಕೊಳ್ಳಿ. ಮೊದಲು ಮೇಲಿನ ಅರಗು ಎದ್ದಿತು. ಬಟ್ಟೆಗೆ ಕಂದು ಬಣ್ಣ ಹತ್ತಿತು. ‘ಆಹಾ, ಎಷ್ಟೊಂದು ಕೊಳೆ’ ಅಂತ ಖುಷಿಪಟ್ಟು ಇನ್ನೂ ಉಜ್ಜಿದಿರಿ. ಆಗ ಚಿನ್ನದ ಬಣ್ಣ ಹೋಗಿ ಬೆಳ್ಳಿಯ ಹಾಗೆ ಬಿಳಿಚಿಕೊಳ್ಳುತ್ತೆ. ಸಂಗ್ರಹಕಾರರು ಅದಕ್ಕೆ ‘ಸಿಲ್ವರಿಂಗ್’ ಅಂತ ಹೆಸರಿಟ್ಟಿದ್ದಾರೆ. ನೂರು ವರ್ಷ ಉಳಿದದ್ದು ಹತ್ತು ನಿಮಿಷದಲ್ಲಿ ಹೋಯ್ತು. ಆಮೇಲೆ ‘ಹೆಂಗೂ ಹೋಗಿದೆ, ಪೂರ್ತಿ ಪೇಂಟ್ ಹೊಡೆಸಿಬಿಡೋಣ’ ಅನ್ನೋ ಮಾತು. ಬಹುಪಾಲು ಮಿಷನ್ನುಗಳು ಸ್ಪ್ರೇ ಗನ್ನಿನ ಬಾಯಿಗೆ ಬೀಳೋದು ಹೀಗೆ.

ಆ ಚಿತ್ತಾರಗಳೂ ಸುಮ್ಮನೆ ಅಲಂಕಾರಕ್ಕೆ ಇದ್ದದ್ದಲ್ಲ, ವಿಳಾಸ ಹೇಳುತ್ತಿದ್ದವು. ಸಿಂಗರ್‌ನ 27ನೇ ಮಾಡೆಲ್ಲಿನ ಮೇಲೆ ಸಿಂಹದ ಮೈ, ಮನುಷ್ಯನ ಮುಖದ ಸ್ಫಿಂಕ್ಸ್ ಇರುತ್ತಿತ್ತು. 66ನೇ ಮಾಡೆಲ್ ಅಮೆರಿಕದ ನ್ಯೂಜೆರ್ಸಿಯ ಎಲಿಜಬೆತ್‌ಪೋರ್ಟ್ ಕಾರ್ಖಾನೆಯಿಂದ ಬಂದಿದ್ದರೆ ಕೆಂಪು ಹಸಿರಿನ ‘ರೆಡ್ ಐ’ ಚಿತ್ತಾರ. ಅದೇ 66 ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಿಂದ ಬಂದಿದ್ದರೆ ಬಹಳ ಸಲ ಕಮಲ. ಮಾಡೆಲ್ ಸಂಖ್ಯೆಯ ಮುಂದೆ ‘ಕೆ’ ಇದ್ದರೆ ಅದು ಕ್ಲೈಡ್‌ಬ್ಯಾಂಕ್‌ನ ಕಿಲ್‌ಬೋವಿ ಕಾರ್ಖಾನೆಯದು. 1885ರಲ್ಲಿ ಶುರುವಾಗಿ 1980ರಲ್ಲಿ ಮುಚ್ಚಿದ ಆ ಕಾರ್ಖಾನೆ ಎಷ್ಟು ದೊಡ್ಡದಿತ್ತು ಅಂದರೆ ಅದಕ್ಕಾಗಿಯೇ ಒಂದು ರೈಲ್ವೆ ಸ್ಟೇಷನ್ ಇತ್ತು. ಕಾರ್ಖಾನೆ ಹೋದರೂ ಸ್ಟೇಷನ್ನಿನ ಹೆಸರು ಇವತ್ತಿಗೂ ‘ಸಿಂಗರ್’. ನಮ್ಮ ಕಡೆಯ ಹಳೇ ಸಿಂಗರ್‌ಗಳ ಮೇಲೆ ಈ ‘ಕೆ’ ಕಾಣಿಸುವುದುಂಟು. ಕಮಲವನ್ನು ಉಜ್ಜಿ ತೆಗೆದು ಅದರ ಜಾಗದಲ್ಲಿ ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾವುದೋ ಬಳ್ಳಿ ಸ್ಟಿಕ್ಕರ್ ಅಂಟಿಸುವವನು ಒಂದು ಊರಿನ ವಿಳಾಸವನ್ನೇ ಅಳಿಸುತ್ತಿದ್ದಾನೆ. ನಮ್ಮ ಕೆಲಸದಲ್ಲಿ ಹಳೇ ಕೋಡನ್ನು ಯಾರು, ಯಾವಾಗ, ಯಾಕೆ ಬದಲಾಯಿಸಿದರು ಅನ್ನೋ ದಾಖಲೆ ಅಳಿಸಿದವನನ್ನು ಮ್ಯಾನೇಜರು ಕ್ಯಾಬಿನ್ನಿಗೆ ಕರೀತಾರೆ. ಇವರಿಗೆ ಹದಿನೆಂಟು ಸಾವಿರ ಕೊಡ್ತಾರೆ.

ಈಗ ಮಿಷನ್ನಿನ ಜೊತೆ ಬರುವ ಸಣ್ಣ ಸಾಮಾನಿಗೆ ಬರೋಣ. ಅಸಲಿ ಅನ್ಯಾಯ ನಡೆಯೋದು ಅಲ್ಲಿ.

ಹಳೇ ಮಿಷನ್ನುಗಳ ಜೊತೆ ಒಂದು ಡಬ್ಬಿ ಬರುತ್ತಿತ್ತು. ನಿರಿಗೆ ಹಿಡಿಯುವ ರಫ್ಲರ್, ಅಂಚು ಮಡಿಸುವ ಹೆಮ್ಮರ್, ಪಟ್ಟಿ ಕೂರಿಸುವ ಬೈಂಡರ್, ಮಡಿಕೆ ಗುರುತಿಸುವ ಟಕ್ಕರ್, ಹೀಗೆ. ಪ್ರತಿಯೊಂದರ ಮೇಲೂ ಸಣ್ಣಕ್ಕೆ ‘ಸಿಮ್ಯಾಂಕೋ’ ಅಂತ ಒತ್ತಿರುತ್ತೆ. ಸಿಂಗರ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಅನ್ನೋದರ ಗಿಡ್ಡ ರೂಪ. ಜೊತೆಗೆ ಆ ಬಿಡಿಭಾಗದ ಸಂಖ್ಯೆ. ಇವು ಸಾಮಾನ್ಯವಾಗಿ ನಿಕ್ಕಲ್ ಲೇಪದವು, ಆಮೇಲಾಮೇಲೆ ಕ್ರೋಮ್. ನಿಕ್ಕಲ್ಲಿನದು ಸ್ವಲ್ಪ ಹಳದಿ ಮಿಶ್ರಿತ ಬೆಚ್ಚಗಿನ ಹೊಳಪು, ಕ್ರೋಮಿನದು ನೀಲಿ ಛಾಯೆಯ ತಣ್ಣನೆ ಹೊಳಪು. ಪಕ್ಕಪಕ್ಕ ಇಟ್ಟರೆ ಮಕ್ಕಳೂ ಹೇಳ್ತಾರೆ.

ಆದರೆ ಕಪ್ಪಗಿನವೂ ಇವೆ. ನಾನು ಆನ್‌ಸೈಟ್ ಅಂತ ನ್ಯೂಜೆರ್ಸಿಯಲ್ಲಿ ಇದ್ದಾಗ ಒಂದು ಶನಿವಾರ ಬೀದಿ ಬದಿಯ ಗ್ಯಾರೇಜ್ ಸೇಲ್‌ನಲ್ಲಿ ಇಂಥದೊಂದು ಡಬ್ಬಿ ಸಿಕ್ಕಿತು. ಸಿಂಗರ್ 1873ರಲ್ಲಿ ಕಟ್ಟಿದ ದೊಡ್ಡ ಕಾರ್ಖಾನೆ ಇದ್ದದ್ದು ಅಲ್ಲಿಗೆ ಹತ್ತಿರದಲ್ಲೇ, ಹಾಗಾಗಿ ಆ ಕಡೆ ಸಿಂಗರ್ ಸಾಮಾನು ಸಿಗುತ್ತಲೇ ಇರುತ್ತೆ. ಮನೆಯ ಅಜ್ಜಿ, ‘ಅದೆಲ್ಲ ತುಕ್ಕು ಹಿಡಿದಿದೆ, ಐದು ಡಾಲರ್ ಕೊಡು ಸಾಕು’ ಅಂದರು. ರಫ್ಲರ್ ಕೈಗೆತ್ತಿಕೊಂಡು ನೋಡಿದೆ. ತುಕ್ಕಿಲ್ಲ. ಒಳಮಡಿಕೆಯಲ್ಲೂ, ಸ್ಪ್ರಿಂಗಿನ ಅಡಿಯಲ್ಲೂ ಒಂದೇ ಸಮನೆ ಕಪ್ಪು. ತುಕ್ಕು ಹಾಗಿರಲ್ಲ. ಅದು ಕಂದು, ತರಿತರಿ, ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರಲ್ಲ. ಕೈಗೆ ಪುಡಿ ಹತ್ತುತ್ತೆ. ಇದು ಕಾರ್ಖಾನೆಯಲ್ಲೇ ಬೇಕೆಂದು ಕಪ್ಪು ಮಾಡಿದ್ದು.

ಯಾಕೆ? ಯುದ್ಧ. ಎರಡನೇ ಮಹಾಯುದ್ಧಕ್ಕೆ ನಿಕ್ಕಲ್ ಬೇಕಿತ್ತು, ಕ್ರೋಮಿಯಂ ಬೇಕಿತ್ತು. ಟ್ಯಾಂಕಿನ ಉಕ್ಕಿಗೆ, ವಿಮಾನದ ಎಂಜಿನ್ನಿಗೆ. ಅಲಂಕಾರದ ಕ್ರೋಮ್ ಲೇಪಕ್ಕೂ ಅಡಿಯಲ್ಲಿ ನಿಕ್ಕಲ್ ಪದರ ಬೇಕು, ಹಾಗಾಗಿ ಅದಕ್ಕೂ ಕತ್ತರಿ. ಎಷ್ಟು ಕೊರತೆ ಅಂದರೆ, ಅಮೆರಿಕದ ಐದು ಸೆಂಟಿನ ನಾಣ್ಯಕ್ಕೆ ಹೆಸರೇ ‘ನಿಕ್ಕಲ್’. 1942ರಿಂದ 1945ರವರೆಗೆ ಅದರಲ್ಲಿ ನಿಕ್ಕಲ್ಲನ್ನೇ ಹಾಕಲಿಲ್ಲ. ತಾಮ್ರ, ಶೇ. 35 ಬೆಳ್ಳಿ, ಸ್ವಲ್ಪ ಮ್ಯಾಂಗನೀಸ್. ನಿಕ್ಕಲ್ಲಿಗಿಂತ ಬೆಳ್ಳಿ ಸಲೀಸಾಗಿ ಸಿಗ್ತಿದ್ದ ಕಾಲ ಅದು! ಅಂಥ ಕಾಲದಲ್ಲಿ ಲಂಗದ ಅಂಚು ಮಡಿಸುವ ಹೆಮ್ಮರಿಗೆ ಯಾರು ನಿಕ್ಕಲ್ ಕೊಡ್ತಾರೆ? ಸಿಂಗರ್‌ನವರು ಬಿಡಿಭಾಗಗಳನ್ನು ಕಪ್ಪು ಮಾಡಿ ಕಳಿಸಿದರು. 1933ರಲ್ಲಿ ಬಂದ ‘ಫೆದರ್‌ವೇಟ್’ ಅನ್ನೋ ಐದು ಕೆಜಿಯ ಪುಟಾಣಿ ಅಲ್ಯೂಮಿನಿಯಂ ಮಿಷನ್ ಇದೆಯಲ್ಲ, 1941ರ ಸುಮಾರಿಗೆ ಅದರಲ್ಲೂ ಹೊಳೆಯಬೇಕಾದ ಭಾಗಗಳು ಕಪ್ಪಾಗಿ ಬಂದವು. ಸಂಗ್ರಹಕಾರರು ಅದನ್ನು ‘ಬ್ಲ್ಯಾಕ್‌ಸೈಡ್’ ಅಂತಾರೆ. 1942ರಲ್ಲಿ ಅಮೆರಿಕ ಸರ್ಕಾರ ಮನೆಬಳಕೆಯ ಹೊಲಿಗೆ ಮಿಷನ್ ತಯಾರಿಕೆಯನ್ನೇ ನಿಲ್ಲಿಸಿಬಿಟ್ಟಿತು. ಅತ್ತ ಕ್ಲೈಡ್‌ಬ್ಯಾಂಕ್ ಮೇಲೆ 1941ರ ಮಾರ್ಚ್‌ನಲ್ಲಿ ಜರ್ಮನರು ಎರಡು ರಾತ್ರಿ ಬಾಂಬು ಹಾಕಿದಾಗ ಸಿಂಗರ್‌ನ ಮರದ ಅಡ್ಡೆಗೆ ಬೆಂಕಿ ಬಿತ್ತು.

ಅಂದರೆ ಆ ಡಬ್ಬಿಯ ಕಪ್ಪು ಅನ್ನೋದು ಬಡತನದ ಕಪ್ಪು, ಪಡಿತರದ ಕಪ್ಪು. ಅದನ್ನು ನೋಡಿದ ಒಬ್ಬ ಪರಿಚಿತರು, ಮಿಷನ್ ಸಂಗ್ರಹಿಸುವ ಹವ್ಯಾಸದವರು, ನಮ್ಮ ಕನ್ನಡದವರೇ, ಏನಂದರು ಗೊತ್ತಾ? ‘ಬೆಂಗಳೂರಿಗೆ ತಗೊಂಡು ಹೋಗಿ ಪ್ಲೇಟಿಂಗ್ ಮಾಡಿಸ್ರೀ, ಹೊಸದರ ಥರ ಆಗುತ್ತೆ.’ ಹೊಸದಾಗಿದ್ದಾಗಲೂ ಅದು ಕಪ್ಪೇ ಇತ್ತು ಅಂತ ಅವರಿಗೆ ಅರ್ಥ ಮಾಡಿಸಲು ಎರಡು ಕಾಫಿ ಬೇಕಾಯಿತು. ಆಗಲೂ ಒಪ್ಪಲಿಲ್ಲ.

ಪ್ಲೇಟಿಂಗ್ ಮಾಡಿಸಿದರೆ ಏನಾಗುತ್ತೆ ಅಂತ ಮೆಕ್ಯಾನಿಕಲ್ ಓದಿದವನಾಗಿ ಹೇಳ್ತೀನಿ, ಕೇಳಿ. ಮೊದಲು ಆಸಿಡ್ಡಿನಲ್ಲಿ ಅದ್ದಿ ಹಳೇ ಲೇಪ ತೆಗೀತಾರೆ. ಆಮೇಲೆ ಬಫಿಂಗ್ ಚಕ್ರಕ್ಕೆ ಕೊಡ್ತಾರೆ. ಸಿಮ್ಯಾಂಕೋ ಅಕ್ಷರ ಅರ್ಧ ಅಲ್ಲೇ ಹೋಯ್ತು, ಭಾಗದ ಸಂಖ್ಯೆಯೂ ಹೋಯ್ತು. ಹೆಮ್ಮರಿನ ಸುರುಳಿ ಬಾಯಿಯ ಅಂಚು ಉರುಟಾಯಿತು, ಇನ್ನು ಅದು ಬಟ್ಟೆಯನ್ನು ಸರಿಯಾಗಿ ಮಡಿಸಲ್ಲ. ರಫ್ಲರಿನೊಳಗೆ ಬಟ್ಟೆಯನ್ನು ತಳ್ಳುವ ತೆಳು ಉಕ್ಕಿನ ಬ್ಲೇಡಿಗೆ ಸಣ್ಣ ಹಲ್ಲುಗಳಿರುತ್ತವೆ, ಅವು ಮೊಂಡಾದವು. ಇದೆಲ್ಲಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ್ದು. ಗಟ್ಟಿ ಮಾಡಿದ ಸ್ಪ್ರಿಂಗ್ ಉಕ್ಕನ್ನು ಆಸಿಡ್ಡಿನಲ್ಲಿ, ಆಮೇಲೆ ಪ್ಲೇಟಿಂಗ್ ತೊಟ್ಟಿಯಲ್ಲಿ ಇಟ್ಟಾಗ ಹೈಡ್ರೋಜನ್ ಉಕ್ಕಿನೊಳಗೆ ಸೇರಿಕೊಳ್ಳುತ್ತೆ. ಉಕ್ಕು ಬಳುಕುವ ಗುಣ ಕಳ್ಕೊಂಡು ಪೆಡಸಾಗುತ್ತೆ. ಪ್ಲೇಟಿಂಗ್ ಆದ ತಕ್ಷಣ ಸರಿಯಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಆ ಹೈಡ್ರೋಜನ್ ಹೊರಗೆ ಹಾಕಬೇಕು. ನಿಮ್ಮ ಐವತ್ತು ರೂಪಾಯಿಯ ಕೆಲಸಕ್ಕೆ ಯಾವ ಪ್ಲೇಟಿಂಗ್ ಶೆಡ್ಡಿನವನು ಅದನ್ನು ಮಾಡ್ತಾನೆ? ಒಂದು ದಿನ ಹೊಲಿಯುವಾಗ ಸ್ಪ್ರಿಂಗ್ ಟಕ್ ಅಂತ ಮುರಿಯುತ್ತೆ. ‘ಹಳೇ ಸಾಮಾನು, ಇಷ್ಟೇ ಬಾಳಿಕೆ’ ಅಂತೀರಿ.

ಇನ್ನು ಕ್ರೋಮ್ ತೊಟ್ಟಿಯ ಮುಂದೆ ನಿಲ್ಲುವ ಹುಡುಗನ ವಿಷಯ. ಆರನೇ ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು, ಅದರ ಆವಿ ಮೂಗಿನೊಳಗಿನ ಗೋಡೆಯನ್ನು ತೂತು ಮಾಡುತ್ತೆ. ನಿಮ್ಮ ಶೋಕೇಸಿನಲ್ಲಿ ಒಂದು ರಫ್ಲರ್ ಹೊಳೆಯಲಿ ಅಂತ ಅವನು ಅದನ್ನು ಕುಡೀಬೇಕಾ?

ಇಲ್ಲಿ ಇನ್ನೊಂದು ತಮಾಷೆ ಇದೆ. ಅದೇ ಸಿಂಗರ್ ಕಂಪನಿ ಅಮೆರಿಕದ ಸೈನ್ಯಕ್ಕೆ ಪ್ರಯೋಗಕ್ಕೆಂದು 500 ಪಿಸ್ತೂಲು ಮಾಡಿಕೊಟ್ಟಿತ್ತು. ಎಂ1911ಎ1 ಅನ್ನೋ ಮಾಡೆಲ್. ಆಯುಧ ಸಂಗ್ರಹಿಸುವವರು ಅದಕ್ಕೆ ಜೀವ ಬಿಡ್ತಾರೆ. ಆ ಪಿಸ್ತೂಲಿಗೆ ಯಾರಾದರೂ ಹೊಸದಾಗಿ ಪಾಲಿಶ್ ಮಾಡಿಸಿದರು ಅಂದುಕೊಳ್ಳಿ, ಬೆಲೆ ಅಲ್ಲೇ ನೆಲಕ್ಕೆ ಬೀಳುತ್ತೆ. ‘ಒರಿಜಿನಲ್ ಫಿನಿಶ್ ಹಾಳು ಮಾಡಿದ ಮೂರ್ಖ’ ಅಂತ ಬೈತಾರೆ. ಸವೆದ ಜಾಗ ಸವೆದ ಹಾಗೇ ಇರಬೇಕು. ಅದೇ ಕಂಪನಿ, ಅದೇ ಕಾಲ. ಗಂಡಸು ಸೊಂಟಕ್ಕೆ ಕಟ್ಟುವ ಪಿಸ್ತೂಲಿಗೆ ಒಂದು ನ್ಯಾಯ, ಹೆಂಗಸು ಹೊಲಿಯುವ ಮಿಷನ್ನಿಗೆ ಇನ್ನೊಂದು ನ್ಯಾಯ. ಯಾಕೆ ಸ್ವಾಮಿ? ಪಿಸ್ತೂಲು ಇತಿಹಾಸ, ಮಿಷನ್ನು ಫರ್ನಿಚರ್ರು, ಅಷ್ಟೇ ತಾನೇ ನಿಮ್ಮ ಲೆಕ್ಕ?

ಸಿಂಗರ್‌ನಲ್ಲಿ ಇನ್ನೊಂದು ಫಿನಿಶ್ ಇದೆ. ಮೈಯೆಲ್ಲ ಸುಕ್ಕುಸುಕ್ಕು, ಹಲಸಿನ ಸಿಪ್ಪೆಯ ಸಣ್ಣ ತಮ್ಮನ ಹಾಗೆ. 66, 99, 128 ಮಾಡೆಲ್ಲುಗಳಲ್ಲಿ ಸಿಗುತ್ತೆ. ಹೊಳಪಿಲ್ಲ, ಚಿತ್ತಾರವೂ ಕಡಿಮೆ. ಇದಕ್ಕೆ ಸಂಗ್ರಹಕಾರರು ‘ಗಾಡ್ಜಿಲ್ಲಾ’ ಅಂತ ಹೆಸರಿಟ್ಟಿದ್ದಾರೆ. ಆ ಸಿನಿಮಾ ಬಂದದ್ದೇ 1954ರಲ್ಲಿ, ಮಿಷನ್ನುಗಳು ಅದಕ್ಕಿಂತ ಹಳೆಯವು. ಹೆಸರು ಆಮೇಲೆ ಇಟ್ಟದ್ದು. ಇದು ಸಿಕ್ಕಿದವರು ಮಾಡುವ ಮೊದಲ ಕೆಲಸ ‘ಯಾರೋ ಕೆಟ್ಟದಾಗಿ ಪೇಂಟ್ ಹೊಡೆದಿದ್ದಾರೆ’ ಅಂತ ಉಜ್ಜಿ ನುಣ್ಣಗೆ ಮಾಡೋದು. ಕಾರ್ಖಾನೆಯಲ್ಲಿ ಬೇಕೆಂದು ಸುಕ್ಕು ಬರಿಸಿದ್ದು ಕಣ್ರೀ ಅದು! ಸುಕ್ಕು ಬರಿಸೋದೂ ಒಂದು ವಿದ್ಯೆ. ಮೇಲಿನ ಪದರ ಮೊದಲು ಒಣಗಿ, ಒಳಗಿನದು ಹಿಂದೆ ಉಳಿದು, ಆಗ ಚರ್ಮ ಮುದುಡಿಕೊಳ್ಳುತ್ತೆ. ಹಾಲಿನ ಕೆನೆ ಸುಕ್ಕಾಗೋದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯುದ್ಧ ಮುಗಿದ ಮೇಲಿನ ಜಪಾನಿನ ಕಥೆ ಉಲ್ಟಾ. ಅವರು ಸಿಂಗರ್‌ನ 15ನೇ ಮಾಡೆಲ್ಲನ್ನೇ ಮಾದರಿ ಇಟ್ಕೊಂಡು ನೂರಾರು ಹೆಸರುಗಳಲ್ಲಿ ಮಿಷನ್ ಮಾಡಿ ಅಮೆರಿಕಕ್ಕೆ ಕಳಿಸಿದರು. ಆಕಾಶನೀಲಿ, ಗುಲಾಬಿ, ಪಾಚಿ ಹಸಿರು. ಸಿಂಗರ್ ಕೂಡ ಕೊನೆಗೆ ಸೋತು ಫೆದರ್‌ವೇಟನ್ನು ಕಂದು, ಬಿಳಿ ಬಣ್ಣಗಳಲ್ಲಿ ತಂದಿತು. ಇಂಥ ಬಣ್ಣದ ಮಿಷನ್ ಸಿಕ್ಕರೆ ‘ಇದು ವಿಂಟೇಜ್ ಥರ ಕಾಣಲ್ಲ’ ಅಂತ ಕಪ್ಪು ಬಳಿದವರನ್ನೂ ನೋಡಿದ್ದೀನಿ. ಕಪ್ಪನ್ನು ಹೊಳಪು ಮಾಡ್ತಾರೆ, ಬಣ್ಣದ್ದನ್ನು ಕಪ್ಪು ಮಾಡ್ತಾರೆ. ಇದ್ದದ್ದನ್ನು ಇದ್ದ ಹಾಗೆ ಬಿಡಬಾರದು ಅಂತ ಯಾವ ದೇವರಿಗೆ ಹರಕೆ ಹೊತ್ತಿದ್ದಾರೋ.

ಹಾಗಂತ ನಾನು ಕಟ್ಟಾ ಸಂಗ್ರಹಕಾರರ ಪರ ಅಂತ ತಿಳೀಬೇಡಿ. ಅವರ ಮೇಲೆ ನನ್ನ ತಕರಾರು ಬೇರೆ ಇದೆ. ಅವರು ಮಿಷನ್ನಿಗೆ ಅಂಕ ಕೊಡ್ತಾರೆ. ಚಿನ್ನದ ಗೆರೆ ಒಂದೂ ಅಳಿಸಿರಬಾರದು, ಡಬ್ಬಿ ಬಿಚ್ಚಿರಲೇಬಾರದು, ಹೆಮ್ಮರಿನಲ್ಲಿ ದಾರದ ಎಳೆ ಸಿಕ್ಕಿರಬಾರದು. ಆಗ ಹತ್ತಕ್ಕೆ ಹತ್ತು. ಅಂದರೆ ಹೊಲಿಯದ ಮಿಷನ್ನಿಗೆ ಪೂರ್ತಿ ಅಂಕ! ಎಲ್ಲಕ್ಕಿಂತ ಜಾಸ್ತಿ ದುಡಿದ ಮಿಷನ್ನಿಗೆ ಎಲ್ಲಕ್ಕಿಂತ ಕಡಿಮೆ ಬೆಲೆ. ಚಿನ್ನದ ಚಿತ್ತಾರ ಮೊದಲು ಅಳಿಸೋದು ಎಲ್ಲಿ ಅಂತ ಗಮನಿಸಿದ್ದೀರಾ? ಹಲಗೆಯ ಮುಂದಿನ ಅಂಚಿನಲ್ಲಿ, ಸೂಜಿಯ ಬಲಕ್ಕೆ. ಬಟ್ಟೆ ಅಲ್ಲೇ ಜಾರುತ್ತೆ, ಅಂಗೈ ಅಲ್ಲೇ ಊರುತ್ತೆ. ಚಿಕ್ಕಮ್ಮನ ಮಿಷನ್ನಿನಲ್ಲಿ ಅಲ್ಲಿ ಒಂದು ಅಂಗೈಯಗಲ ಚಿನ್ನವೇ ಇಲ್ಲ, ಬರೀ ಕಪ್ಪು. ಇಪ್ಪತ್ತು ವರ್ಷದ ಯೂನಿಫಾರ್ಮು ಅಲ್ಲಿಂದ ಜಾರಿ ಹೋಗಿದೆ. ಸಂಗ್ರಹಕಾರನ ಪಟ್ಟಿಯಲ್ಲಿ ಅದಕ್ಕೆ ‘ಸಾಧಾರಣ ಸ್ಥಿತಿ’. ಬಣ್ಣ ಹೊಡೆಯುವವನ ಪಟ್ಟಿಯಲ್ಲಿ ‘ರಿಪೇರಿ ಬೇಕು’.

ಸರಿ, ‘ನನ್ನ ದುಡ್ಡು, ನನ್ನ ಮಿಷನ್, ನಾನು ಏನಾದ್ರೂ ಮಾಡ್ಕೋತೀನಿ’ ಅಂತ ಕೇಳುವವರಿದ್ದಾರೆ. ಮಾಡ್ಕೊಳ್ಳಿ. ನಮ್ಮೂರಿನ ಟೈಲರ್ ಸಾಬರು ಕಿಟಕಿಗೆ ಬಳಿದು ಉಳಿದ ಹಸಿರು ಆಯಿಲ್ ಪೇಂಟನ್ನು ಮಿಷನ್ನಿಗೂ ಬ್ರಷ್‌ನಲ್ಲಿ ಬಳಿದುಬಿಟ್ಟಿದ್ದರು. ಮಳೆಗಾಲದಲ್ಲಿ ಸೂರು ಸೋರಿ ತುಕ್ಕು ಹಿಡೀತಿತ್ತು, ಅದಕ್ಕೆ. ಎಣ್ಣೆ ತೂತುಗಳನ್ನು ಮಾತ್ರ ಕಡ್ಡಿ ಚುಚ್ಚಿ ಉಳಿಸಿದ್ದರು. ಆ ಹಸಿರು ಮಿಷನ್ನಿನಲ್ಲಿ ಅವರು ಮಕ್ಕಳನ್ನು ಓದಿಸಿದರು. ಅವರ ಜೊತೆ ನನಗೇನು ಜಗಳ? ಅವರು ಅದನ್ನು ಒರಿಜಿನಲ್ ಅಂತ ಯಾರಿಗೂ ಮಾರಲಿಲ್ಲ. ಆಯುಧಪೂಜೆಗೆ ಚಿಕ್ಕಮ್ಮ ಮಿಷನ್ನಿನ ಹಣೆಗೆ ವಿಭೂತಿ ಪಟ್ಟೆ ಎಳೆದು, ಕುಂಕುಮ ಇಟ್ಟು, ಚೆಂಡುಹೂವು ಸಿಕ್ಕಿಸುತ್ತಿದ್ದರು. ವರ್ಷ ವರ್ಷ ಇಟ್ಟ ಕುಂಕುಮ ಎಣ್ಣೆಯ ಜೊತೆ ಸೇರಿ ಸ್ಕ್ರೂ ಸಂದಿಯಲ್ಲಿ ಇವತ್ತಿಗೂ ಕೆಂಪಗಿದೆ. ಅದೂ ಒಂದು ಫಿನಿಶ್ಶೇ. ಯಾವ ಕ್ಯಾಟಲಾಗಿನಲ್ಲೂ ಅದಕ್ಕೆ ಹೆಸರಿಲ್ಲ ಅಷ್ಟೇ. ನನ್ನ ಜಗಳ ಇರೋದು ಬಳಿದು, ಅಳಿಸಿ, ಆಮೇಲೆ ‘ಅಸಲು’ ಅಂತ ಚೀಟಿ ಹಚ್ಚುವವರ ಜೊತೆ.

ಮತ್ತು ಹೊಲಿಯೋ ಮಿಷನ್ನನ್ನು ಹೊಲಿಯದ ಹಾಗೆ ಮಾಡುವವರ ಜೊತೆ. ಬ್ರಿಟನ್ನಿನ ಆಲ್‌ಸೇಂಟ್ಸ್ ಅನ್ನೋ ಬಟ್ಟೆ ಅಂಗಡಿಗಳ ಕಿಟಕಿ ತುಂಬ ಸಾಲುಸಾಲು ಹಳೇ ಮಿಷನ್ ಜೋಡಿಸಿಡ್ತಾರೆ, ಶೋಕಿಗೆ. ಅದನ್ನು ನೋಡಿ ಇಲ್ಲಿನ ಪಬ್ಬಿನವರಿಗೂ ಕಾಫಿ ಅಂಗಡಿಯವರಿಗೂ ಮಿಷನ್ ಸ್ಟ್ಯಾಂಡು ಟೇಬಲ್ಲಿನ ಕಾಲಾಗಿದೆ, ಹೆಡ್ಡು ಲೈಟ್ ಸ್ಟ್ಯಾಂಡ್ ಆಗಿದೆ. ಇಂಗ್ಲೆಂಡಿನಲ್ಲಿ ಆ ಕಪ್ಪು ಮಿಷನ್ ಹಳೇ ಕಾಲದ್ದು, ಒಪ್ಪೋಣ. ನಮ್ಮಲ್ಲಿ ಹಾಗಲ್ಲವಲ್ಲ! ಕಪ್ಪು ಮೈ, ಚಿನ್ನದ ಗೆರೆಯ ಮಿಷನ್ ಇವತ್ತಿಗೂ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಹೊಸದಾಗಿ ಮಾರಾಟಕ್ಕಿದೆ. ಸರ್ಕಾರದ ಯೋಜನೆಗಳಲ್ಲಿ ಹೆಂಗಸರಿಗೆ ಮಿಷನ್ ಹಂಚುತ್ತಲೇ ಇದ್ದಾರೆ. 1924ರಲ್ಲಿ ಯಂತ್ರಗಳನ್ನೆಲ್ಲ ವಿರೋಧಿಸ್ತೀರಾ ಅಂತ ಕೇಳಿದಾಗ ಗಾಂಧಿ ವಿನಾಯಿತಿ ಕೊಟ್ಟದ್ದು ಸಿಂಗರ್ ಹೊಲಿಗೆ ಯಂತ್ರಕ್ಕೆ. ಅದಕ್ಕೆ ಇನ್ನೂ ವಯಸ್ಸಾಗಿಲ್ಲ. ಚಾಲ್ತಿಯಲ್ಲಿರುವ ಉಪಕರಣಕ್ಕೆ ‘ಆ್ಯಂಟಿಕ್’ ಅಂತ ಹಣೆಪಟ್ಟಿ ಕಟ್ಟಿದ ಕೂಡಲೇ ಗುಜರಿಯವನು ಹಳ್ಳಿಯ ಮನೆ ಬಾಗಿಲಿಗೆ ಬರ್ತಾನೆ. ಎರಡು ಸಾವಿರ ಕೈಗಿಟ್ಟು ದುಡಿಯೋ ಮಿಷನ್ ಎತ್ತಿಕೊಂಡು ಹೋಗ್ತಾನೆ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇನ್ನೊಂದು ಹುಚ್ಚು ಹಬ್ಬಿತ್ತು. ಹಳೇ ಸಿಂಗರ್ ಸೂಜಿಯಲ್ಲಿ ‘ಕೆಂಪು ಪಾದರಸ’ ಇದೆಯಂತೆ, ಅದರಿಂದ ನಿಧಿ ಸಿಗುತ್ತಂತೆ ಅಂತ ಜನ ಲಕ್ಷಗಟ್ಟಲೆ ಕೊಟ್ಟು ಕೊಂಡರು. ನಾವು ನಕ್ಕಿದ್ದೆವು. ಸ್ಟಿಕ್ಕರ್ ಅಂಟಿಸಿದ್ದಕ್ಕೆ ಹದಿನೆಂಟು ಸಾವಿರ ಕೊಡೋದು ಅದಕ್ಕಿಂತ ಬುದ್ಧಿವಂತಿಕೆಯಾ?

ಮನೆಯಲ್ಲಿ ಹಳೇ ಮಿಷನ್ ಇದ್ದರೆ ಹೀಗೆ ಮಾಡಿ. ಥಿನ್ನರ್, ಸ್ಪಿರಿಟ್, ಪೆಟ್ರೋಲ್ ಯಾವುದನ್ನೂ ಮೈಗೆ ಮುಟ್ಟಿಸಬೇಡಿ. ಅಂಗಡಿಯಲ್ಲಿ ಸಿಗುವ ಬಿಳಿ ಮಿಷನ್ ಎಣ್ಣೆಯನ್ನೇ ಹಳೇ ಪಂಚೆಯ ತುಂಡಿಗೆ ಹಾಕಿ ಮೆಲ್ಲಗೆ ಒರೆಸಿ, ರಾತ್ರಿ ಬಿಟ್ಟು ಬೆಳಿಗ್ಗೆ ಇನ್ನೊಂದು ಸಲ ಒರೆಸಿ. ಬಟ್ಟೆಗೆ ಚಿನ್ನ ಹತ್ತಿದರೆ ಅಲ್ಲಿಗೆ ನಿಲ್ಲಿಸಿ. ಅಟ್ಯಾಚ್‌ಮೆಂಟ್ ಡಬ್ಬಿಯನ್ನು ಮಿಷನ್ನಿನಿಂದ ಬೇರೆ ಮಾಡಬೇಡಿ. ಕಪ್ಪು ತುಂಡು ಸಿಕ್ಕರೆ ತುಕ್ಕೋ ಅಲ್ಲವೋ ಅಂತ ಅಡಿಭಾಗ, ಒಳಮಡಿಕೆ ತಿರುಗಿಸಿ ನೋಡಿ. ಸೀರಿಯಲ್ ನಂಬರ್ ಎಲ್ಲಾದರೂ ಬರೆದಿಟ್ಟುಕೊಳ್ಳಿ, ಅದರಿಂದ ತಯಾರಾದ ಕಾಲ, ಕಾರ್ಖಾನೆ ತಿಳಿಯುತ್ತೆ. ಅಂಗಡಿಯಲ್ಲಿ ಕೊಳ್ಳುವಾಗ ಚಕ್ರ ತಿರುಗಿಸಿ, ದಾರ ಹಾಕಿ ಒಂದು ಗೇಣು ಹೊಲಿಸಿ ತೋರಿಸಿ ಅನ್ನಿ. ಎಣ್ಣೆ ತೂತು ಪೇಂಟಿನಲ್ಲಿ ಮುಚ್ಚಿದ್ದರೆ ವಾಪಸ್ ಬನ್ನಿ.

ಐದು ಡಾಲರಿನ ಆ ಕಪ್ಪು ರಫ್ಲರ್ ಈಗ ಊರಿನಲ್ಲಿದೆ. ಸಿಂಗರ್‌ನ ಈ ಹಳೇ ಅಟ್ಯಾಚ್‌ಮೆಂಟ್ ಕೂರಿಸುವ ಗಿಡ್ಡ ಕಾಲಿನ ಅಳತೆ ಎಷ್ಟೋ ದಶಕಗಳಿಂದ ಬದಲಾಗಿಲ್ಲ. ನ್ಯೂಜೆರ್ಸಿಯ ತುಂಡು ಚಿಕ್ಕಮ್ಮನ ಮಿಷನ್ನಿಗೆ ಸಲೀಸಾಗಿ ಕೂತಿತು. ಪ್ರತಿ ಹೊಲಿಗೆಗೊಂದು ನಿರಿಗೆ ಬೇಕಾ, ನಾಲ್ಕಾರು ಹೊಲಿಗೆಗೊಂದು ಸಾಕಾ ಅಂತ ಸಣ್ಣ ಹಿಡಿ ತಿರುಗಿಸಿದರೆ ಆಯ್ತು. ಮೊಮ್ಮಗಳ ಫ್ರಾಕಿಗೆ ಮೂರು ಸುತ್ತು ಫ್ರಿಲ್ ಇಟ್ಟರು. ಬಣ್ಣ ಯಾಕೆ ಕಪ್ಪು ಅಂತ ಅವರು ಕೇಳಲೇ ಇಲ್ಲ. ‘ಸ್ಕ್ರೂ ಬಾಳ ಸಣ್ಣದು ಮಗಾ, ಕಣ್ಣಿಗೆ ಕಾಣಲ್ಲ. ಇನ್ನೊಂದ್ ಸಲ ಹೋದ್ರೆ ದೊಡ್ಡ ತಲೆದು ತತ್ತಾ’ ಅಂದರು.